ಗುಳ್ಳೆ ನಿಂತ ಬಾಟಲಿ

ವಾರ್ಡಿನಲ್ಲಿ ನನಗೊಂದು ಅಡ್ಡಹೆಸರಿದೆ, ಜೋರು ಸಿಸ್ಟರ್. ನನ್ನ ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಹೊಸ ರೋಗಿಯ ಕಡೆಯವರಿಗೆ ಹಳೆಯ ರೋಗಿಯ ಕಡೆಯವರು, "ಬೆಳಿಗ್ಗೆ ಜೋರು ಸಿಸ್ಟರ್ ಇರ್ತಾರೆ, ಮಂಚದ ಕೆಳಗೆ ಬುತ್ತಿ ಚೀಲ ಇಡ್ಬೇಡಿ" ಎಂದು ಹೇಳಿಕೊಡುವುದನ್ನು ಕೇಳಿಸಿಕೊಂಡಿದ್ದೇನೆ. ಬೇಜಾರೇನಿಲ್ಲ. ದೊಡ್ಡಬಳ್ಳಾಪುರದ ಹೊರಗಿನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಗಂಡಸರ ವಾರ್ಡು ನೋಡಿಕೊಂಡಿದ್ದೇನೆ. ಮೆತ್ತಗೆ ಮಾತಾಡಿಕೊಂಡು ಇದ್ದಿದ್ದರೆ ಇಷ್ಟು ಹೊತ್ತಿಗೆ ರೋಗಿಗಳು ನೆಲದ ಮೇಲೆ, ನೆಂಟರು ಮಂಚದ ಮೇಲೆ ಮಲಗಿರುತ್ತಿದ್ದರು.

ನಾನು ಹೆಚ್ಚು ಜಗಳವಾಡಿರುವುದು ಎದೆಗೆ ಪೈಪು ಹಾಕಿಸಿಕೊಂಡವರ ಮನೆಯವರ ಜೊತೆ. ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ಬಾಶೆಟ್ಟಿಹಳ್ಳಿ ಕಾರ್ಖಾನೆಯ ಕೆಲಸಗಾರರು, ಬೀಡಿ ಸೇದಿ ಸೇದಿ ಶ್ವಾಸಕೋಶ ತೂತು ಮಾಡಿಕೊಂಡ ಮುದುಕರು, ಟಿ.ಬಿ. ಬಂದವರು, ಹೀಗೆ ವರ್ಷಕ್ಕೆ ಎಷ್ಟೋ ಜನ ಬರುತ್ತಾರೆ. ಅವರ ಪಕ್ಕೆಯ ಸಂದಿನಲ್ಲಿ ಒಂದು ಪೈಪು ಇಳಿಸಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿಟ್ಟ ಬಾಟಲಿಯ ನೀರಿನಲ್ಲಿ ಮುಳುಗಿಸಿ ಬಿಡುತ್ತಾರೆ. ಶ್ವಾಸಕೋಶದ ಸುತ್ತ ಸೇರಿಕೊಂಡ ಗಾಳಿಯೋ ರಕ್ತವೋ ಕೀವೋ ಪೈಪಿನಲ್ಲಿ ಇಳಿದು ಬಾಟಲಿಗೆ ಬರುತ್ತದೆ. ಗಾಳಿಯಾದರೆ ಗುಳ್ಳೆಗುಳ್ಳೆಯಾಗಿ ಬರುತ್ತದೆ. ಬಂದದ್ದು ವಾಪಸು ಹೋಗದ ಹಾಗೆ ನೀರು ತಡೆದುಕೊಳ್ಳುತ್ತದೆ. ಇದರಲ್ಲಿ ಅಂಥ ದೊಡ್ಡ ವಿದ್ಯೆಯೇನೂ ಇಲ್ಲ.

ಆದರೆ ನಮ್ಮ ಜನಕ್ಕೆ ಬಾಟಲಿ ಅಂದರೆ ಗ್ಲೂಕೋಸ್ ಬಾಟಲಿ, ಅದು ಮೇಲೆ ನೇತಾಡುತ್ತಿರಬೇಕು. ರೋಗಿಯನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವಾಗ ಇದನ್ನೂ ತಲೆಯ ಮೇಲಕ್ಕೆ ಎತ್ತಿ ಹಿಡಿದುಕೊಂಡು ಹೊರಡುತ್ತಾರೆ, ಅದರೊಳಗಿನ ಗಲೀಜೆಲ್ಲ ಎದೆಗೆ ವಾಪಸು ಇಳಿಯುವ ಹಾಗೆ. ಒಬ್ಬಾಕೆಯಂತೂ ನೀರು ಕೆಂಪಾಗಿದೆ ಎಂದು ಚೆಲ್ಲಿ, ಬಾಟಲಿಯನ್ನು ಚೆನ್ನಾಗಿ ತೊಳೆದು, ಬೋರಲು ಹಾಕಿ ಒಣಗಿಸಿಟ್ಟಿದ್ದಳು. ಅವತ್ತು ನಾನು ಕೂಗಿಕೊಂಡದ್ದು ಹೊರಗಿನ ಔಷಧಿ ಅಂಗಡಿಯವರೆಗೂ ಕೇಳಿಸಿತಂತೆ. ಅದಕ್ಕೇ ನಾನೊಂದು ಪಾಠ ಮಾಡಿಕೊಂಡೆ. ಪೈಪು ಹಾಕಿದ ದಿನವೇ ಜೊತೆಗಿರುವವರನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದು ಲೋಟ ನೀರಿನಲ್ಲಿ ಎಳನೀರಿನ ಸ್ಟ್ರಾ ಇಟ್ಟು ಊದಿ ತೋರಿಸುತ್ತೇನೆ. ಈ ಗಾಳಿ ಇರಬಾರದ ಜಾಗದಲ್ಲಿ ಸೇರಿಕೊಂಡಿದೆ, ಅದು ಆಚೆಗೆ ಬರಬೇಕು, ಬರಲಿ ಬಿಡಿ, ಬಾಟಲಿ ಎತ್ತಬೇಡಿ, ಪೈಪು ಮಡಚಬೇಡಿ, ಅಷ್ಟೇ. ಎರಡು ನಿಮಿಷದ ಪಾಠ. ಕನ್ನಡ ಬಾರದ ಬಿಹಾರದ ಹೆಂಗಸರಿಗೂ ಕೈಸನ್ನೆಯಲ್ಲಿ ಮಾಡಿ ತೋರಿಸಿದ್ದೇನೆ.

ಇಷ್ಟು ವರ್ಷದಲ್ಲಿ ಈ ಪಾಠ ಮಾಡದೆ ಬಿಟ್ಟದ್ದು ಒಬ್ಬಳಿಗೆ ಮಾತ್ರ. ಅವಳು ನನ್ನ ತಾಯಿ.

ನಮ್ಮದು ನೇಕಾರರ ಮನೆ. ಬೇರೆಯವರ ಮನೆಯಲ್ಲಿ ಹಾಲ್ ಇರುವ ಜಾಗದಲ್ಲಿ ನಮ್ಮಲ್ಲಿ ಎರಡು ಪವರ್‌ಲೂಮ್ ಮಗ್ಗ. ಆ ಸದ್ದಿನಲ್ಲೇ ಹುಟ್ಟಿ ಬೆಳೆದದ್ದರಿಂದಲೋ ಏನೋ ನಮ್ಮ ಮನೆಯಲ್ಲಿ ಯಾರಿಗೂ ಮೆತ್ತಗೆ ಮಾತಾಡಲು ಬರುವುದಿಲ್ಲ. ಅಪ್ಪ ಮಗ್ಗ ನಡೆಸುತ್ತಿದ್ದ, ಬೀಡಿ ಸೇದುತ್ತಿದ್ದ, ಎಲ್ಲರನ್ನೂ ರೇಗಿಸುತ್ತಿದ್ದ. ಅಮ್ಮ ಬೀದಿಯ ಹತ್ತಾರು ಮನೆಗಳಿಗೆ ಅಚ್ಚು ಕೆಚ್ಚಲು ಹೋಗುತ್ತಿದ್ದಳು. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸುವ ಕೆಲಸ ಅದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಅಮ್ಮ ಕಣ್ಣು ಎತ್ತಿ ಪಕ್ಕದವಳ ಜೊತೆ ಮಾತಾಡುತ್ತಲೇ ಇರುತ್ತಿದ್ದಳು, ಬೆರಳು ತಮ್ಮ ಪಾಡಿಗೆ ತಾವು ಸೇರಿಸುತ್ತ ಹೋಗುತ್ತಿದ್ದವು. ಒಂದೂ ತಪ್ಪುತ್ತಿರಲಿಲ್ಲ.

ನೇಕಾರರ ಮನೆಯವರಿಗೆ ಒಂದು ಅಭ್ಯಾಸವಿದೆ. ಎಳೆ ಕಡಿಯಿತು ಅಂದರೆ ಮೊದಲು ಅದನ್ನು ಸೇರಿಸಬೇಕು, ಮಿಕ್ಕದ್ದೆಲ್ಲ ಆಮೇಲೆ. ಎದುರಿಗೆ ಬೀಗರೇ ಬಂದು ನಿಂತಿರಲಿ, ಒಲೆಯ ಮೇಲೆ ಹಾಲೇ ಉಕ್ಕುತ್ತಿರಲಿ. ಅಮ್ಮ ಈ ಅಭ್ಯಾಸವನ್ನು ಮಗ್ಗದಿಂದಾಚೆಗೂ ತಂದುಬಿಟ್ಟಿದ್ದಳು. ಅವಳ ಸೆರಗಿನ ತುದಿಯ ಗಂಟಿನಲ್ಲಿ ಯಾವಾಗಲೂ ಒಂದಷ್ಟು ರೇಷ್ಮೆ ಎಳೆಯ ತುಂಡುಗಳಿರುತ್ತಿದ್ದವು. ಕನ್ನಡಕದ ಕಾಲು ಸಡಿಲವಾಯಿತೇ, ರೇಷ್ಮೆ ಎಳೆ ಸುತ್ತು. ಚೀಲದ ಹಿಡಿ ಕಿತ್ತಿತೇ, ಸುತ್ತು. ಬಚ್ಚಲಿನ ರಬ್ಬರ್ ಪೈಪು ಸೋರಿದರೆ ಅದನ್ನು ಮಡಿಸಿ, ಆ ಮಡಿಕೆಯ ಮೇಲೆ ಎಳೆಯನ್ನು ಹತ್ತಾರು ಸುತ್ತು ಬಿಗಿದು, ಒಂದು ಹನಿಯೂ ಬೀಳದ ಹಾಗೆ ನಿಲ್ಲಿಸಿಬಿಡುತ್ತಿದ್ದಳು. ಸೋರುವುದನ್ನು ಕಂಡರೆ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಅಪ್ಪ ಕೆಮ್ಮಿದವನು ಹಾಗೆಯೇ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಉಸಿರು ಮೇಲೆ ಬರುತ್ತಿಲ್ಲ. ನಾನು ಗಂಡನ ಮನೆ ಬಿಟ್ಟು ಬಂದು ಅಪ್ಪ ಅಮ್ಮನ ಜೊತೆಯೇ ಇರುವವಳು, ಡ್ಯೂಟಿಗೆ ಹೊರಡುತ್ತಿದ್ದೆ. ಬೀದಿಯ ಆಟೋದಲ್ಲಿ ಅವನನ್ನೂ ಅಮ್ಮನನ್ನೂ ಕೂರಿಸಿಕೊಂಡು ನಮ್ಮ ಆಸ್ಪತ್ರೆಗೇ ಹೋದೆ. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶ ಸುರುಟಿಕೊಂಡು ಮೂಲೆ ಸೇರಿತ್ತು. ಎಷ್ಟೋ ವರ್ಷದ ಬೀಡಿಯಿಂದ ಸವೆದ ಜಾಗ ಕೆಮ್ಮಿದ ರಭಸಕ್ಕೆ ಒಡೆದು, ಗಾಳಿ ಎದೆಗೂಡಿಗೆ ಸೋರಿತ್ತು. ಡಾಕ್ಟರು ಪೈಪು ಇಳಿಸಿದರು, ನಾನೇ ಪಕ್ಕದಲ್ಲಿ ನಿಂತು ಬಾಟಲಿ ಜೋಡಿಸಿದೆ. ಗುಳ್ಳೆಗಳು ಧಡಧಡ ಬಂದವು. ಐದು ನಿಮಿಷದಲ್ಲಿ ಅಪ್ಪನ ತುಟಿಗೆ ಬಣ್ಣ ಬಂತು. ಅವನು ಮೊದಲು ಆಡಿದ ಮಾತು, "ಕಾಫಿ ಸಿಕ್ತದಾ?"

ಅಮ್ಮ ಆ ಕ್ಷಣದಿಂದ ಒಂದು ಸ್ಟೂಲು ಎಳೆದುಕೊಂಡು ಬಾಟಲಿಯ ಪಕ್ಕ ಕೂತಳು. ಅಪ್ಪನ ಮುಖಕ್ಕಿಂತ ಬಾಟಲಿಯನ್ನೇ ಹೆಚ್ಚು ನೋಡುತ್ತಿದ್ದಳು.

"ಇದೇನೇ ಹಿಂಗೆ ಬುಳುಬುಳು ಅಂತೈತೆ?" ಎಂದು ಕೇಳಿದಳು.

"ಏನಿಲ್ಲಮ್ಮ, ಅದು ಹಂಗೇ. ನೀನು ಮುಟ್ಬೇಡ, ಅಷ್ಟೇ."

ಮಾರನೆಯ ದಿನ ಮತ್ತೆ ಕೇಳಿದಳು. "ಇಷ್ಟೊಂದು ಗಾಳಿ ಹೋಗ್ತೈತಲ್ಲ, ಒಳಗೇನು ಉಳೀತದೆ?"

ಆಗ ನನ್ನ ಕೈಯಲ್ಲಿ ಇಂಜೆಕ್ಷನ್ ಟ್ರೇ ಇತ್ತು, ಆರನೇ ಮಂಚದವನು ವಾಂತಿ ಮಾಡಿಕೊಂಡಿದ್ದ, ಹೊಸ ನರ್ಸ್ ಎಲ್ಲೋ ಫೋನಿನಲ್ಲಿದ್ದಳು. "ನಿಂಗೆ ಅರ್ಥ ಆಗಲ್ಲ ಸುಮ್ನೆ ಕೂತ್ಕೋಮ್ಮ" ಎಂದೆ. ಹಾಗೆ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪಕ್ಕದ ಮಂಚದವನ ಹೆಂಡತಿಗೆ ಅದೇ ದಿನ ಲೋಟ, ಸ್ಟ್ರಾ ಹಿಡಿದು ಪೂರ್ತಿ ಪಾಠ ಮಾಡಿದ್ದೆ. ಅಮ್ಮ ಆಗ ಅಪ್ಪನಿಗೆ ಗಂಜಿ ತರಲು ಕೆಳಗೆ ಹೋಗಿದ್ದಳು. ವಾಪಸು ಬಂದ ಮೇಲೆ ಇನ್ನೊಂದು ಸಲ ಹೇಳಬಹುದಿತ್ತು. ನಾನೇ ಇದ್ದೀನಲ್ಲ, ಅವಳಿಗೆ ಯಾಕೆ ಇದೆಲ್ಲ ಎಂದುಕೊಂಡೆ. ಎಷ್ಟೋ ಹೊರಗಿನವರಿಗೆ ಕೊಟ್ಟ ಎರಡು ನಿಮಿಷವನ್ನು ನಾನು ನನ್ನ ಹೆತ್ತವಳಿಗೆ ಕೊಡಲಿಲ್ಲ.

ಅಪ್ಪನೋ ರೇಗಿಸುವುದನ್ನು ಬಿಟ್ಟವನಲ್ಲ. ಅವಳು ಬಾಟಲಿಯನ್ನೇ ದಿಟ್ಟಿಸುವುದನ್ನು ನೋಡಿ, "ನೋಡ್ಕೊಳೇ, ನನ್ನ ಪ್ರಾಣ ಎಲ್ಲ ಅಲ್ಲಿ ತುಂಬ್ತಾವ್ರೆ. ತುಂಬಿದ್ಮೇಲೆ ಮುಚ್ಚಳ ಹಾಕಿ ಮನೆಗೆ ತಗೊಂಡೋಗು" ಎಂದ. ವಾರ್ಡೇ ನಕ್ಕಿತು, ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಪ್ರತಿ ದಿನ ಬೆಳಿಗ್ಗೆ ಬಾಟಲಿ ಬದಲಾಯಿಸುವಾಗ ನಾನು ಪೈಪಿಗೆ ಎರಡು ಕ್ಲ್ಯಾಂಪು ಹಾಕಿ ಮುಚ್ಚುತ್ತಿದ್ದೆ. ಹೊಸ ಬಾಟಲಿ ಜೋಡಿಸುವಷ್ಟು ಹೊತ್ತು, ಅರ್ಧ ನಿಮಿಷವೂ ಇಲ್ಲ. ಆ ಅರ್ಧ ನಿಮಿಷ ಗುಳ್ಳೆ ಬರುವುದಿಲ್ಲ, ಅಪ್ಪನಿಗೂ ಏನೂ ಆಗುವುದಿಲ್ಲ. ಅಮ್ಮ ಅದನ್ನು ನಾಲ್ಕು ದಿನ ನೋಡಿದಳು. ನಾನು ಮುಚ್ಚುವುದನ್ನೂ ನೋಡಿದಳು, ಬೇಗ ಬಿಚ್ಚುವುದನ್ನೂ ನೋಡಿದಳು. ಯಾಕೆ ಮುಚ್ಚುತ್ತಾರೆ, ಯಾಕೆ ಅಷ್ಟು ಬೇಗ ಬಿಚ್ಚುತ್ತಾರೆ ಎಂದು ಕೇಳಲಿಲ್ಲ. ಕೇಳಿ ಬೈಸಿಕೊಳ್ಳುವುದು ಬೇಡ ಅನ್ನಿಸಿರಬೇಕು.

ಐದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನನ್ನ ಪಾಳಿ ಮುಗಿಯಿತು. ಮುಂದಿನ ಪಾಳಿಯವಳು ವಾರ್ಡಿನ ಆ ತುದಿಯಿಂದ ಒಂದೊಂದೇ ಮಂಚದ ವಿವರ ಬರೆದುಕೊಳ್ಳುತ್ತ ಬರುತ್ತಿದ್ದಳು. ಅಪ್ಪ ಊಟ ಮಾಡಿ ಕೆಮ್ಮುತ್ತಿದ್ದ. ಕೆಮ್ಮಿದಾಗಲೆಲ್ಲ ಗುಳ್ಳೆ ಜೋರಾಗಿ ಬರುವುದು ಸಹಜ, ಅದು ಪೈಪು ಕೆಲಸ ಮಾಡುತ್ತಿದೆ ಅನ್ನುವುದಕ್ಕೇ ಗುರುತು. ನಾನು ಕೈ ತೊಳೆದುಕೊಂಡು ಹೊರಟಾಗ ಅಮ್ಮ ಸ್ಟೂಲಿನಿಂದ ಎದ್ದು ನಿಂತು ಕರೆದಳು.

"ಲೇ, ಒಂದ್ಸಲ ಬಂದು ನೋಡೇ. ಜಾಸ್ತಿ ಹೋಗ್ತೈತೆ."

"ಊಟ ಮಾಡ್ಬಿಟ್ಟು ಬರ್ತೀನಿ ಇರಮ್ಮ" ಎಂದು ನಾನು ತಿರುಗಿಯೂ ನೋಡದೆ ಹೋದೆ.

ಕ್ಯಾಂಟೀನಿನಲ್ಲಿ ಅನ್ನ ಸಾರು ತಿಂದೆ, ಮಜ್ಜಿಗೆ ಕುಡಿದೆ, ಫಾರ್ಮಸಿಯವಳ ಜೊತೆ ಅವಳ ತಂಗಿಯ ನಿಶ್ಚಿತಾರ್ಥದ ಬಗ್ಗೆ ಮಾತಾಡಿದೆ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ ಆಗಿರಬಹುದು. ವಾಪಸು ಬಂದು ವಾರ್ಡಿನ ಬಾಗಿಲಲ್ಲಿ ಕಾಲಿಟ್ಟಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಐದು ದಿನದಿಂದ ಕೇಳುತ್ತಿದ್ದ ಗುಳ್ಳೆಯ ಸದ್ದು ಇರಲಿಲ್ಲ.

ಬಾಟಲಿಯ ನೀರು ಅಲ್ಲಾಡದೆ ನಿಂತಿತ್ತು. ಅಪ್ಪ ಕಣ್ಣು ಅಗಲಿಸಿಕೊಂಡು ಕೂತಿದ್ದ, ಕುತ್ತಿಗೆ ಊದಿಕೊಂಡಿತ್ತು, ತುಟಿ ನೀಲಿ. ಮಾತಾಡಲು ನೋಡುತ್ತಿದ್ದ, ಸ್ವರ ಬರುತ್ತಿರಲಿಲ್ಲ. ಅಮ್ಮ ಅವನ ಬೆನ್ನು ಸವರುತ್ತ, "ನಿಂತೋಯ್ತು ನೋಡಿ, ಈಗ ಸರಿಹೋಗ್ತದೆ, ಸ್ವಲ್ಪ ತಡ್ಕೊಳಿ" ಎನ್ನುತ್ತಿದ್ದಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ಕೆಲಸ ಮುಗಿಸಿದವಳ ಹಾಗಿದ್ದಳು. ನಾನು ಬಾಟಲಿಯಿಂದ ಪೈಪು ಹಿಡಿದು ಮೇಲಕ್ಕೆ ಹೋದೆ. ಹೊದಿಕೆಯ ಅಡಿಯಲ್ಲಿ ಪೈಪನ್ನು ಎರಡಾಗಿ ಮಡಿಸಿ, ಮಡಿಕೆಯ ಮೇಲೆ ಹಸಿರು ರೇಷ್ಮೆ ಎಳೆಯನ್ನು ಬಿಗಿಯಾಗಿ ಸುತ್ತಿತ್ತು. ಅಷ್ಟು ಅಚ್ಚುಕಟ್ಟಾಗಿ, ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು ಕೂರಿಸಿ ಕಟ್ಟುವ ಕೈ ಊರಿಗೆಲ್ಲ ಒಂದೇ.

ಜೇಬಿನ ಕತ್ತರಿ ತೆಗೆದು ಕತ್ತರಿಸಿದೆ. ತಡೆದು ನಿಂತಿದ್ದ ಗಾಳಿಯೆಲ್ಲ ಒಮ್ಮೆಲೇ ಬಾಟಲಿಗೆ ನುಗ್ಗಿತು, ನೀರು ಎಗರಿ ಮುಚ್ಚಳಕ್ಕೆ ಬಡಿಯಿತು. ಡಾಕ್ಟರನ್ನು ಕೂಗಿದೆ, ಆಕ್ಸಿಜನ್ ಹಾಕಿದೆ, ಅಪ್ಪನ ಮುಂಗೈ ಹಿಡಿದೆ. ನಾಡಿ ಎರಡು ಸಲ ಸಿಕ್ಕಿತು, ಮೂರನೆಯ ಸಲ ಸಿಗಲಿಲ್ಲ. ನಾನು ಬರುವಷ್ಟರಲ್ಲೇ, ಹೊರಗೆ ಬರಲಾಗದ ಗಾಳಿ ಒಳಗೇ ತುಂಬಿ ತುಂಬಿ ಹೃದಯವನ್ನು ಪಕ್ಕಕ್ಕೆ ತಳ್ಳಿ ಅಮುಕಿಬಿಟ್ಟಿತ್ತು. ನಲವತ್ತು ನಿಮಿಷ ಎದೆ ಒತ್ತಿದೆವು. ನಾನೂ ಒತ್ತಿದೆ. ಆಮೇಲೆ ಡಾಕ್ಟರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

ಪೈಪಿಗೆ ಏನಾಯಿತು ಎಂದು ಡಾಕ್ಟರು ಕೇಳಿದಾಗ, ಬೆನ್ನಿನಡಿ ಸಿಕ್ಕಿಕೊಂಡು ಮಡಚಿಹೋಗಿತ್ತು ಎಂದೆ. ಅವರು ಪೈಪಿನ ಮೇಲಿದ್ದ ಗೀರುಗಳನ್ನು ನೋಡಿದರು, ನನ್ನ ಮುಖ ನೋಡಿದರು, ಹಾಗೆಯೇ ಬರೆದುಕೊಂಡರು. ಕತ್ತರಿಸಿದ ಎಳೆಯನ್ನು ನಾನು ರಕ್ತದ ಹತ್ತಿ ಹಾಕುವ ಹಳದಿ ಚೀಲಕ್ಕೆ ಹಾಕಿದೆ. ಅದು ಅವತ್ತೇ ಸಂಜೆ ಸುಡಲು ಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಸುಳ್ಳು ಬರೆಸಿದ್ದು ಅದೊಂದೇ ಸಲ. ತಪ್ಪು ಎಂದು ಗೊತ್ತು. ಹತ್ತು ಸಲ ಆ ದಿನ ಬಂದರೆ ಹತ್ತು ಸಲವೂ ಅದೇ ಸುಳ್ಳು ಹೇಳುತ್ತೇನೆ.

ಗಂಡನನ್ನು ತನ್ನ ಕೈಯಾರೆ ಕಳೆದುಕೊಂಡೆ ಎಂದು ಅಮ್ಮನಿಗೆ ಎಂದೂ ಗೊತ್ತಾಗಬಾರದು ಎಂದು ನಾನು ಅವತ್ತೇ ತೀರ್ಮಾನಿಸಿದೆ. ತಿಥಿ ಮುಗಿಯುವವರೆಗೆ ಮನೆಯ ಮಗ್ಗ ನಿಲ್ಲಿಸಿದ್ದೆವು. ಆ ನಿಶ್ಶಬ್ದದಲ್ಲಿ ಅಮ್ಮ ಎಲ್ಲಿ ಬಾಯಿಬಿಟ್ಟು ಕೇಳಿಬಿಡುತ್ತಾಳೋ ಎಂದು ನನಗೆ ಭಯ. ಅವಳು ಕೇಳಲಿಲ್ಲ. ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ಅದರ ಬದಲು ನನ್ನ ಮೇಲೆ ಎಂದೂ ಇಲ್ಲದ ಅಕ್ಕರೆ ಶುರುವಾಯಿತು. ನಮ್ಮಿಬ್ಬರಿಗೂ ಕೋಪ ಜಾಸ್ತಿ, ದಿನಕ್ಕೊಂದು ಜಗಳ ಆಗದೆ ನಮಗೆ ಅನ್ನ ಇಳಿಯುತ್ತಿರಲಿಲ್ಲ. ಈಗ ನಾನು ಎಷ್ಟು ರೇಗಿದರೂ ಅವಳು ತಿರುಗಿ ಆಡುವುದಿಲ್ಲ. ತಡವಾಗಿ ಎದ್ದರೂ ಎಬ್ಬಿಸುವುದಿಲ್ಲ. ಸಾರು ಉಪ್ಪಾಯಿತು ಎಂದರೆ, "ಹೂಂ ಕಣಮ್ಮ, ನಂದೇ ತಪ್ಪು" ಎನ್ನುತ್ತಾಳೆ. ನನಗೆ ಅಮ್ಮ ಅಂದದ್ದು ಅದೇ ಮೊದಲು. ಅವಳಿಗೆ ಅನುಮಾನ ಬಂದಿದೆ, ಒಳಗೊಳಗೇ ಕೊರಗುತ್ತಿದ್ದಾಳೆ ಎಂದುಕೊಂಡು ನಾನೂ ಅವಳನ್ನು ಮಗುವಿನ ಹಾಗೆ ನೋಡಿಕೊಂಡೆ. ಮೂರು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ದೂರದ ನೆಂಟರ ಥರ ಒಳ್ಳೆಯವರಾಗಿದ್ದೆವು.

ಈ ವರ್ಷ ಬೇಸಿಗೆಯಲ್ಲಿ ನೆಲಮಂಗಲದ ಕಡೆಯಿಂದ ಫೋನು ಬಂತು. ಅಮ್ಮನಿಗೆ ಒಬ್ಬನೇ ತಮ್ಮ, ನನ್ನ ಸೋದರಮಾವ, ಅರಿಶಿನಕುಂಟೆಯ ಹತ್ತಿರ ಹೆದ್ದಾರಿ ಪಕ್ಕ ಪಂಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಲಾರಿಯ ಚಕ್ರ ಬಿಚ್ಚುವಾಗ ಕಬ್ಬಿಣದ ರಾಡು ಚಿಮ್ಮಿ ಪಕ್ಕೆಗೆ ಬಡಿದು, ಎಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ, ಆಸ್ಪತ್ರೆಯಲ್ಲಿ ಪೈಪು ಹಾಕಿದ್ದಾರೆ. ಅವನ ಹೆಂಡತಿ, ನಮ್ಮ ಅತ್ತೆಗೆ ಮಂಡಿ ಆಪರೇಷನ್ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಆಸ್ಪತ್ರೆಯಲ್ಲಿ ಕೂರುವವರು ಯಾರೂ ಇಲ್ಲ. ನಾನು ಏನಾದರೂ ಹೇಳುವ ಮೊದಲೇ ಅಮ್ಮ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಸಿದ್ಧಳಾಗಿದ್ದಳು.

ನಾನೂ ಒಂದು ದಿನ ರಜೆ ಹಾಕಿ ಹೊರಟೆ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಅಮ್ಮ, ಅವಳ ಪಕ್ಕ ನಾನು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಪೈಪು ಕಟ್ಟಬಾರದು ಎಂದು ಇವಳಿಗೆ ಹೇಗೆ ಹೇಳುವುದು, ಹೇಳಿದರೆ ಅವತ್ತಿನದು ಗೊತ್ತಾಗದೆ ಇರುತ್ತದೆಯೇ. ದಾರಿಯಲ್ಲಿ ಮಧುರೆ ಊರು ದಾಟಿದ ಮೇಲೆ ಅಮ್ಮನೇ ಬಾಯಿಬಿಟ್ಟಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಹೇಳಮ್ಮ."

"ಅಲ್ಲಿ ನೀನು ಬಾಟ್ಲಿ ಹತ್ರ ಬರ್ಬೇಡ. ನಾನೇ ನೋಡ್ಕೋತೀನಿ."

"ಯಾಕೆ?"

ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದಳು, "ಅವತ್ತು ನಾನು ಕಟ್ಟಿದ್ದೆ ಕಣೇ. ಪೂರ್ತಿ ನಿಂತೋಗಿತ್ತು. ಇನ್ನೊಂದರ್ಧ ಗಂಟೆ ಹಂಗೇ ಇದ್ದಿದ್ರೆ ತಡ್ಕೊಂಬಿಡ್ತಿದ್ರು. ನೀನು ಬಂದವಳೇ ಕತ್ತರಿ ಹಾಕ್ಬಿಟ್ಟೆ. ಒಳಗಿದ್ದದ್ದೆಲ್ಲ ಬುಳುಬುಳು ಅಂತ ಹೊರಟೋಯ್ತು. ನನ್ನ ಕಣ್ಣೆದುರಿಗೇ ಹೋಯ್ತು."

ಅವಳು ನನ್ನ ಕೈಯನ್ನು ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡಳು.

"ನೀನು ಬೇಕು ಅಂತ ಮಾಡ್ಲಿಲ್ಲ, ಗಾಬ್ರೀಲಿ ಮಾಡ್ದೆ. ನಂಗೊತ್ತಿಲ್ವಾ? ಅದಕ್ಕೇ ನಾನು ಯಾರ ಹತ್ರಾನೂ ಹೇಳಿಲ್ಲ. ನಿಮ್ಮ ಮಾವಂಗೂ ಹೇಳಿಲ್ಲ. ಹೆತ್ತ ಮಗಳೇ ಕೈಯಾರೆ ಅಪ್ಪನ್ನ ಕಳ್ಕೊಂಬಿಟ್ಲು ಅಂತ ಜನ ಆಡ್ಕೋಬಾರ್ದು. ನಿಂಗೂ ಗೊತ್ತಾಗ್ಬಾರ್ದು ಅಂತಿದ್ದೆ. ಈಗ ತಮ್ಮನ ಜೀವದ ವಿಷಯ ಅನ್ನೋದಕ್ಕೆ ಹೇಳ್ದೆ."

ಮೂರು ವರ್ಷದ ಅಕ್ಕರೆ ಏನೆಂದು ನನಗೆ ಆಗ ತಿಳಿಯಿತು. ಅವಳು ಕೊರಗುತ್ತಿರಲಿಲ್ಲ, ನನ್ನನ್ನು ಕ್ಷಮಿಸುತ್ತಿದ್ದಳು. ದಿನಾ ಬೆಳಿಗ್ಗೆ ಎದ್ದು, ತನ್ನ ಗಂಡನನ್ನು ಕೊಂದವಳು ಎಂದು ತಾನು ನಂಬಿದವಳಿಗೆ ಕಾಫಿ ಮಾಡಿಕೊಟ್ಟು, ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಪಶ್ಚಾತ್ತಾಪದಿಂದ ಅಳುತ್ತಿದ್ದೇನೆ ಎಂದುಕೊಂಡು ಅವಳು ನನ್ನ ಬೆನ್ನು ತಟ್ಟುತ್ತ, "ಆಯ್ತು ಬಿಡು, ಆಗಿದ್ದಾಯ್ತು" ಎಂದಳು. ನೆಲಮಂಗಲ ಬರುವವರೆಗೂ ತಟ್ಟುತ್ತಲೇ ಇದ್ದಳು. ನಾನು ತಟ್ಟಿಸಿಕೊಂಡೆ. ಆ ತಪ್ಪನ್ನು ಸಾಯುವವರೆಗೂ ನಾನೇ ಹೊತ್ತುಕೊಳ್ಳಲು ಸಿದ್ಧಳಿದ್ದೆ. ಅದರಲ್ಲಿ ನನಗೆ ಕಷ್ಟವೇನೂ ಇರಲಿಲ್ಲ, ಅರ್ಧ ನಿಜವೇ ತಾನೇ.

ಆದರೆ ಅಲ್ಲಿ ಮಾವನಿದ್ದ. ಪೈಪು ಹಾಕಿಸಿಕೊಂಡು, ಬಾಟಲಿ ಕೆಳಗಿಟ್ಟುಕೊಂಡು, ನಮ್ಮನ್ನು ನೋಡಿ ನಗಲು ಹೋಗಿ ನೋವಿಗೆ ಮುಖ ಕಿವುಚಿದ. "ಜನ್ಮ ಪೂರ್ತಿ ಊರವರ ಟೈರಿಗೆ ಪಂಚರ್ ಹಾಕ್ದೆ ಕಣಕ್ಕ, ಈಗ ನಂದೇ ಹೋಯ್ತು ನೋಡು" ಎಂದ. ಮಾತಿನ ಹಿಂದೆಯೇ ಕೆಮ್ಮು ಬಂತು, ಬಾಟಲಿಯಲ್ಲಿ ಗುಳ್ಳೆಗಳು ಎದ್ದವು. ಅಮ್ಮನ ಕೈ ಆಗಲೇ ಪೈಪಿನ ಕಡೆಗೆ ಹೊರಟಿತ್ತು.

ನಾನು ಆ ಕೈ ಹಿಡಿದುಕೊಂಡು ಅವಳನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದೆ. ನಾನು ವಾಪಸು ಡ್ಯೂಟಿಗೆ ಹೋಗಬೇಕು, ಇವಳು ಇಲ್ಲಿ ಒಬ್ಬಳೇ ಅವನ ಜೊತೆ ಇರುತ್ತಾಳೆ. ಸುಳ್ಳು ಹೇಳಿ ಬಿಟ್ಟು ಹೋಗುವ ಹಾಗಿರಲಿಲ್ಲ. ಬರೀ ಕಟ್ಟಬೇಡ ಎಂದರೆ ನನ್ನ ಮಾತು ಅವಳು ಕೇಳುವುದಿಲ್ಲ, ನನ್ನ ಕೈಯ ಮೇಲೆ ಅವಳಿಗಿದ್ದ ನಂಬಿಕೆ ಮೂರು ವರ್ಷದ ಹಿಂದೆಯೇ ಹೋಗಿತ್ತು. ಅವಳ ಮುಷ್ಟಿ ಕಟ್ಟಿಸಿ, ಅದರ ಸುತ್ತ ನನ್ನ ಎರಡೂ ಅಂಗೈ ಇಟ್ಟೆ.

"ಈ ಮುಷ್ಟಿ ಶ್ವಾಸಕೋಶ ಅಂದ್ಕೊಮ್ಮ. ನನ್ನ ಕೈ ಎದೆಗೂಡು. ಮುಷ್ಟೀಲಿ ತೂತಾಗಿದೆ. ಉಸಿರು ಎಳ್ಕೊಂಡಾಗೆಲ್ಲ ಗಾಳಿ ಮುಷ್ಟಿಯಿಂದ ಸೋರಿ ಇಲ್ಲಿ ಮಧ್ಯ ಬಂದು ಕೂರುತ್ತೆ. ಕೂತು ಕೂತು ಮುಷ್ಟಿನ ಅಮುಕುತ್ತೆ." ನಾನು ಅಂಗೈ ಬಿಗಿ ಮಾಡಿದೆ. "ಪೈಪು ಇರೋದು ಆ ಕೂತಿರೋ ಗಾಳೀನ ಆಚೆಗೆ ತೆಗೆಯೋಕೆ. ಬಾಟ್ಲೀಲಿ ಬರ್ತಿರೋದು ಉಸಿರಲ್ಲಮ್ಮ. ಉಸಿರಾಡೋಕೆ ಬಿಡದೆ ಇರೋ ಗಾಳಿ ಅದು."

ಅಮ್ಮ ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಪೂರ್ತಿ ಎರಡು ನಿಮಿಷವೂ ಬೇಕಾಗಲಿಲ್ಲ. ಸಾವಿರಾರು ಎಳೆಯಲ್ಲಿ ಯಾವುದು ಯಾವುದಕ್ಕೆ ಸೇರಬೇಕೆಂದು ಕಣ್ಣು ಮುಚ್ಚಿ ಹೇಳುವವಳಿಗೆ ಅರ್ಥ ಆಗುವುದಿಲ್ಲ ಎಂದು ನಾನು ಯಾವ ಬಾಯಲ್ಲಿ ಅಂದಿದ್ದೆನೋ. ಅವಳು ನಿಧಾನವಾಗಿ ಮುಷ್ಟಿ ಬಿಚ್ಚಿದಳು.

"ಹಂಗಾದ್ರೆ ಪೈಪು ಮುಚ್ಚಿದ್ರೆ?"

ನಾನು ಅಂಗೈಗಳನ್ನು ಹಿಂದಕ್ಕೆ ತೆಗೆದುಕೊಂಡೆ.

"ಒಳಗೇ ತುಂಬ್ಕೊಂಡು ಅಮುಕ್ಬಿಡ್ತದೆ, ಅಲ್ವಾ?"

"ಅಮ್ಮ, ಅಪ್ಪಂದು ಬೇರೆ ಥರದ ಬಾಟ್ಲಿ" ಎಂದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರಿಗೆ ಹಾರ್ಟ್ ತೊಂದರೆ ಇತ್ತು."

ಅವಳು ಬಾಗಿಲಿನ ಗಾಜಿನಿಂದ ಒಳಗೆ ಮಾವನ ಮಂಚದ ಕೆಳಗಿದ್ದ ಬಾಟಲಿಯನ್ನು ತುಂಬ ಹೊತ್ತು ನೋಡಿದಳು. "ಇದೇ ಬಾಟ್ಲಿ ಕಣೇ. ಐದು ದಿನ ಅದನ್ನೇ ನೋಡ್ಕೊಂಡು ಕೂತಿದ್ದೆ ನಾನು" ಎಂದಳು. ಅಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟು, "ಇಷ್ಟು ದಿನ ನೀನು ಮಾಡಿದ್ದು ಅಂದ್ಕೊಂಡಿದ್ನಲ್ಲೇ" ಎಂದಳು.

"ನಾನೇ ಮಾಡಿದ್ದು ಕಣಮ್ಮ. ನೀನು ಕೇಳ್ದಾಗ ಹೇಳ್ಲಿಲ್ವಲ್ಲ. ನಾನೇ."

"ನೀನಲ್ಲ ಬಿಡು."

ಅದಾದ ಮೇಲೆ ನಾನು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು, "ನಿಂಗೆ ಬಸ್ಸಿಗೆ ಹೊತ್ತಾಯ್ತು, ಹೋಗು" ಎಂದಳು. ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಬಾಟಲಿಯ ಪಕ್ಕ ಕೂತಳು.

ಏಳು ದಿನ ಅವಳು ಅಲ್ಲಿಂದ ಅಲ್ಲಾಡಲಿಲ್ಲವಂತೆ. ಮಾವ ಹೊರಳಿದಾಗಲೆಲ್ಲ ಎದ್ದು ಪೈಪು ಎಲ್ಲಿಯೂ ಮಡಚಿಲ್ಲವೆಂದು ಕೈಯಾಡಿಸಿ ನೋಡುತ್ತಿದ್ದಳಂತೆ. ಬಾಟಲಿ ಎತ್ತಲು ಬಂದ ಆಯಾಳ ಮೇಲೆ ರೇಗಿ, ಅಕ್ಕಪಕ್ಕದ ಮಂಚದವರಿಗೆಲ್ಲ ಮುಷ್ಟಿ ಹಿಡಿದು ಪಾಠ ಹೇಳಿಕೊಟ್ಟಳಂತೆ. ಅಲ್ಲಿನ ನರ್ಸ್ ನನಗೆ ಫೋನಿನಲ್ಲಿ ಹೊಗಳಿ ಹೊಗಳಿ ಹೇಳಿದಳು. ದಿನದಿಂದ ದಿನಕ್ಕೆ ಗುಳ್ಳೆ ಕಡಿಮೆಯಾಗಿ, ಆಮೇಲೆ ತಾನಾಗಿ ನಿಂತು, ಪೈಪು ತೆಗೆದರು.

ಮನೆಗೆ ಕಳಿಸುವ ದಿನ ನಾನು ಹೋಗಿದ್ದೆ. ಅತ್ತೆ ಕೋಲೂರಿಕೊಂಡು ಬಂದಿದ್ದಳು, ಅಂಗಡಿ ಪಕ್ಕದವರು ಬಂದಿದ್ದರು. ಮಾವ ಅಂಗಿ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತು, ಎಲ್ಲರಿಗೂ ಕೇಳಿಸುವ ಹಾಗೆ, "ಡಾಕ್ಟ್ರು ಆಮೇಲೆ, ಮೊದ್ಲು ನಮ್ಮಕ್ಕ. ಅಕ್ಕ ಇಲ್ದೆ ಇದ್ದಿದ್ರೆ ನಾನು ಉಳೀತಿರ್ಲಿಲ್ಲ. ಅವಳ ಕೈ ಅಂಥ ಕೈ" ಎಂದ.

ಅಮ್ಮ ಅವನ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಿದ್ದ ಪಂಚೆಯನ್ನು ಹಾಗೆಯೇ ಮಂಚದ ಮೇಲೆ ಬಿಟ್ಟು ಹೊರಗೆ ಹೋದಳು.